ಎಡಮೂಲೆಯ ನಾಲ್ಕು ಬೆರಳಗಲ

ಆ ಯಂತ್ರವನ್ನು ಹಾಳು ಮಾಡಿದವನು ನಾನು. ನೀವಲ್ಲ, ಇಮಾಮ್ ಕಾಕ — ನಾನು. ದಾವಣಗೆರೆಯ ಸಾಹುಕಾರರ ಹಿತ್ತಿಲಲ್ಲಿ, ಅವರ ಬೀಗರ ಮುಂದೆ, ನಿಮ್ಮತ್ತ ಕೈ ತೋರಿಸಿ ‘ಇವನೇ ಮಾಡಿದ್ದು’ ಅಂದೆನಲ್ಲ, ಅದೇ ಕೈಯಿಂದ ಕೆಲವೇ ದಿನ ಮೊದಲು ನಾನೇ ಮಾಡಿದ್ದೆ. ಇಷ್ಟು ಹೇಳಲು ನನಗೆ ಎಂಟು ವರ್ಷ ಬೇಕಾಯಿತು. ಎಂಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದರೆ — ಚೆನ್ನಾಗಿ ಉಣ್ಣುತ್ತಿದ್ದೆ, ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಕೊರಗಿ ಕೊರಗಿ ಸೊರಗಿಹೋದೆ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ನನ್ನ ಹೊಟ್ಟೆಯನ್ನು ಕಂಡವರು ಯಾರೂ ಅದನ್ನು ನಂಬುವುದಿಲ್ಲ.

ನಿಮಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತು. ಹರಿಹರಕ್ಕೆ ನಾನೇ ಬಂದು, ನಿಮ್ಮ ಕೇರಿಯಲ್ಲಿ ನಿಂತು, ನೇಕಾರರೆಲ್ಲ ಕೇಳುವ ಹಾಗೆ ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಬರೀ ಬಾಯಿಯಲ್ಲಿ ಹೇಳಹೊರಟರೆ ಎಲ್ಲೋ ಒಂದು ಕಡೆ ಜಾರಿಕೊಳ್ಳುತ್ತೇನೆ — ನನ್ನ ಬಾಯಿ ಎಂಥದ್ದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಾಗದದಲ್ಲಿದ್ದರೆ ಓದಲೇಬೇಕಾಗುತ್ತದೆ. ಕೇರಿಯ ಅನೇಕರು ಆ ಯಂತ್ರವನ್ನು ಕಂಡವರೂ ಅಲ್ಲ. ಅದಕ್ಕೆ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ನಾನು ತಿಪ್ಪೇಶಿ. ಇದೇ ಕೇರಿಯಲ್ಲಿ ಮಗ್ಗ ಇಟ್ಟುಕೊಂಡಿದ್ದವರ ಮಗ. ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂರುವುದು ನನ್ನ ಯೋಗ್ಯತೆಗೆ ಕಡಿಮೆ ಎಂದು ದಾವಣಗೆರೆಗೆ ಹೋಗಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್ ಆದವನು. ಖಾಕಿ ಪ್ಯಾಂಟು ಹಾಕಿದ ಮೇಲೆ ಊರಿಗೆ ಬಂದಾಗ ಕೇರಿಯ ನಡುವೆ ಬರದೆ ಹೊಳೆಯ ಕಡೆಯ ದಾರಿಯಿಂದ ಮನೆ ಸೇರುತ್ತಿದ್ದೆ. ಮಗ್ಗದ ಲಟಲಟ ಸದ್ದು ಕೇಳಿದರೆ ಯಾರೋ ನನ್ನನ್ನು ಹೆಸರು ಹಿಡಿದು ಕೂಗಿದ ಹಾಗೆ ಆಗುತ್ತಿತ್ತು, ಅದಕ್ಕೆ.

ಜಿನ್ನಿನ ಯಜಮಾನರೇ ನಾನು ಹೇಳುವ ಸಾಹುಕಾರರು. ಮಂಡಿಪೇಟೆಯಲ್ಲಿ ಅವರದ್ದೇ ನೂಲಿನ ಅಂಗಡಿ. ಹರಿಹರದ ಎಷ್ಟೋ ಮಗ್ಗಗಳಿಗೆ ಅಲ್ಲಿಂದಲೇ ನೂಲು. ಅವರ ಹೆಸರು ಹೇಳುವ ಅಗತ್ಯವಿಲ್ಲ, ಕೇರಿಯಲ್ಲಿ ಸಾಹುಕಾರರು ಅಂದರೆ ಅವರೊಬ್ಬರೇ. ಅವರು ಒಮ್ಮೆ ಬೊಂಬಾಯಿಗೆ ಹೋಗಿ ಯಾವುದೋ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಎರಡು ದಿನ ಮಲಗಿ ಬಂದರು. ಬಂದವರಿಗೆ ಊರಿನ ಗಾಳಿ ಸೇರಲಿಲ್ಲ. ಹುಟ್ಟಿದಾಗಿನಿಂದ ನಲವತ್ತೈದು ಬೇಸಿಗೆಗಳನ್ನು ಬೀಸಣಿಗೆಯಲ್ಲಿ ಕಳೆದ ಮನುಷ್ಯನಿಗೆ ಎರಡೇ ದಿನದಲ್ಲಿ ಸೆಕೆ ಅಸಹ್ಯವಾಗಿಬಿಟ್ಟಿತು! ಬೊಂಬಾಯಿಯಿಂದ ರೈಲಿನಲ್ಲಿ, ಮರದ ಪೆಟ್ಟಿಗೆಯಲ್ಲಿ, ಹುಲ್ಲು ಸುತ್ತಿಕೊಂಡು ಆ ಯಂತ್ರ ಬಂತು. ಏರ್ ಕಂಡೀಷನ್ ಎಂದು ಅದರ ಹೆಸರು. ಮಲಗುವ ಕೋಣೆಯ ಗೋಡೆ ಒಡೆದು ಅರ್ಧ ಒಳಗೆ, ಅರ್ಧ ಹಿತ್ತಿಲಿಗೆ ಚಾಚಿಕೊಳ್ಳುವ ಹಾಗೆ ಕೂರಿಸಿದರು.

ಆಮೇಲಿನ ನಾಟಕ ನೋಡಬೇಕಿತ್ತು. ಚೈತ್ರ ಮಾಸದ ಉರಿಬಿಸಿಲಿನಲ್ಲಿ ಸಾಹುಕಾರರು ಉಣ್ಣೆಯ ಸ್ವೆಟರ್ ತೊಟ್ಟು, ಕೊರಳಿಗೆ ಮಫ್ಲರ್ ಸುತ್ತಿ ಆ ಕೋಣೆಯಲ್ಲಿ ಕೂರುತ್ತಿದ್ದರು. ಬಂದವರಿಗೆ ಬಿಸಿಬಿಸಿ ಕಾಫಿ ಕೊಡಿಸಿ, ‘ಚಳಿ ಭಾಳ ಆತೇನ್ರಿ? ಕಮ್ಮಿ ಮಾಡಿಸ್ಲೇನು?’ ಎಂದು ಕೇಳುತ್ತಿದ್ದರು. ಬಂದವರೂ ಏನು ಕಡಿಮೆಯೇ — ಅಂಗೈ ಉಜ್ಜಿಕೊಂಡು, ಹಲ್ಲು ಕಟಕಟಿಸಿ, ‘ಅಬ್ಬಬ್ಬ, ಊಟಿ ಕಂಡಂಗಾತ್ರಿ’ ಅನ್ನುತ್ತಿದ್ದರು. ಅವರಲ್ಲಿ ಒಬ್ಬರಾದರೂ ಊಟಿ ಕಂಡವರಿರಲಿಲ್ಲ. ಯಂತ್ರದ ಬೆನ್ನು ಹಿತ್ತಿಲಿನತ್ತ ಬಿಸಿಗಾಳಿ ಉಗುಳುತ್ತಿತ್ತು. ಸಾಹುಕಾರರ ಹೆಂಡತಿ ಅದರ ಎದುರಿಗೆ ಒಂದು ಚಾಪೆ ಹಾಸಿ ಸಂಡಿಗೆ ಒಣಗಿಸಿಕೊಂಡರು. ಆ ಮನೆಯಲ್ಲಿ ಅದರಿಂದ ಉಪಯೋಗದ ಕೆಲಸ ತೆಗೆದವರು ಅವರೊಬ್ಬರೇ.

ಹೀಗೆ ನಗುವ ನಾನು ಆಗ ಏನು ಮಾಡುತ್ತಿದ್ದೆ? ಆ ಯಂತ್ರದ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದೆ. ‘ಇವ ನಮ್ಮ ಮೇಸ್ತ್ರಿ. ಇದನ್ನ ಮುಟ್ಟಾಕ ಈ ಊರಾಗ ಇವನೊಬ್ಬನಿಗೇ ಬರ್ತೈತೆ’ ಎಂದು ಸಾಹುಕಾರರು ಹೇಳುವುದನ್ನು ಕೇಳಲಿಕ್ಕೆಂದೇ ನಿಂತಿರುತ್ತಿದ್ದೆ. ಸ್ವೆಟರ್ ತೊಟ್ಟವನಿಗಿಂತ ಆ ಸ್ವೆಟರಿನ ಪಕ್ಕ ನಿಂತು ಉಬ್ಬಿದವನು ದೊಡ್ಡ ಮೂರ್ಖ. ಇದು ನನಗೆ ಈಗ ಗೊತ್ತು.

ಯಂತ್ರ ಕೂರಿಸಲು ಬೊಂಬಾಯಿಯಿಂದ ಬಂದಿದ್ದ ಕಂಪನಿಯವನು ನನಗೆ ಎರಡು ದಿನ ಪಾಠ ಹೇಳಿದ್ದ. ಅದರ ಬೆನ್ನಿನ ಮುಚ್ಚಳ ತೆಗೆದರೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವ ತಾಮ್ರದ ಕೊಳವೆ. ಆ ಕೊಳವೆಯ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ಅಲ್ಯೂಮಿನಿಯಂ ಹಾಳೆಗಳು — ಈರುಳ್ಳಿ ಸಿಪ್ಪೆಯಷ್ಟು ತೆಳು, ನೂರಾರು. ಫಿನ್ನು ಅಂದ ಅವನು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಗುರಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು ಸಂದು. ಆ ಸಂದಿನಲ್ಲಿ ಗಾಳಿ ಹರಿದರೆ ಮಾತ್ರ ಯಂತ್ರ ತನ್ನ ಬಿಸಿಯನ್ನು ಹೊರಗೆ ಬಿಡುತ್ತದೆ, ಒಳಗೆ ತಣ್ಣಗಾಗುತ್ತದೆ. ‘ಮೆತ್ತನೆ ಬ್ರಷ್ಷಿನಿಂದ ಒರೆಸಬೇಕು, ಮೇಲಿಂದ ಕೆಳಕ್ಕೆ ಮಾತ್ರ, ಅಡ್ಡ ಕೈ ಆಡಿಸಬಾರದು’ ಎಂದು ಹಿಂದಿಯಲ್ಲಿ ಮೂರು ಸಲ ಹೇಳಿದ. ಹತ್ತು ವರ್ಷ ಜಿನ್ನಿನಲ್ಲಿ ಕಬ್ಬಿಣ ಬಿಚ್ಚಿ ಕಟ್ಟಿದವನಿಗೆ ಈ ಕ್ರಾಪು ಬಿಟ್ಟ ಹುಡುಗಾಟದವನು ಒರೆಸುವುದನ್ನು ಕಲಿಸುತ್ತಾನೆಯೇ ಎಂದು ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ನನ್ನಲ್ಲಿ ಸಂಬಂಧವಿರಲಿಲ್ಲ.

ಮೊದಲ ಬೇಸಿಗೆ ಹೇಗೋ ಕಳೆಯಿತು. ಎರಡನೆಯ ಬೇಸಿಗೆಗೆ ನಮ್ಮ ಊರು ತನ್ನ ಗುಣ ತೋರಿಸಿತು. ಹತ್ತಿಯ ಕಾಲದಲ್ಲಿ ದಾವಣಗೆರೆಯ ಗಾಳಿ ಎಂದರೆ ಅರ್ಧ ಅರಳೆ — ಬಟ್ಟೆಯ ಮೇಲೆ, ಮಜ್ಜಿಗೆಯ ಮೇಲೆ, ರೆಪ್ಪೆಯ ಮೇಲೆ. ಯಂತ್ರ ಆ ಗಾಳಿಯನ್ನೇ ಎಳೆದೂ ಎಳೆದೂ ಅದರ ಬೆನ್ನಿನ ಮೇಲೆ ಅರಳೆ ಕಂಬಳಿಯಂತೆ ಹೊದ್ದುಕೊಂಡಿತ್ತು. ಒಳಗೆ ತಣ್ಣಗಾಗುವುದು ನಿಂತಿತು. ಸ್ವೆಟರಿನೊಳಗೆ ಸಾಹುಕಾರರು ಬೆವರತೊಡಗಿದರು.

ಅದೇ ವಾರ ಅವರು ಹುಬ್ಬಳ್ಳಿಗೆ ಹೊರಟಿದ್ದರು. ಮಗನಿಗೆ ಹೆಣ್ಣು ಕೊಡಲು ಒಪ್ಪಿದ್ದ ಬೀಗರನ್ನು ಕರೆತಂದು ಮನೆ ತೋರಿಸುವ ಏರ್ಪಾಡು. ಮನೆ ಎಂದರೆ ಆ ಕೋಣೆ. ‘ತಿಪ್ಪೇಶಿ, ನಾನು ಐದು ದಿನಕ್ಕ ಬರ್ತೀನಿ. ಬರೋದ್ರಾಗ ಕೋಣಿ ತಣ್ಣಗಿರಬೇಕು ನೋಡು. ಇಲ್ಲಾಂದ್ರ ನೀನು ಮೇಸ್ತ್ರಿ ಹೆಂಗಾಗ್ತಿ?’ ಅಂದರು. ಜಿನ್ನಿನ ಹೆಡ್ ಫಿಟ್ಟರ್ ಆಗ ಮುದುಕನಾಗಿದ್ದ. ಆ ಜಾಗಕ್ಕೆ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಅವರು ಹೋದ ಬೆಳಿಗ್ಗೆಯೇ ನಾನು ಯಂತ್ರದ ಬೆನ್ನು ಬಿಚ್ಚಿದೆ. ಜಿನ್ನಿನಲ್ಲಿ ಜಾಲರಿಗೆ ಅರಳೆ ಕಚ್ಚಿಕೊಂಡರೆ ನಾವು ಏನು ಮಾಡುತ್ತೇವೆ? ತಂತಿ ಬ್ರಷ್ ತೆಗೆದುಕೊಂಡು ಅಡ್ಡಡ್ಡ ಉಜ್ಜುತ್ತೇವೆ. ನಾನೂ ಅದನ್ನೇ ಮಾಡಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಭುಜದ ಬಲವೆಲ್ಲ ಹಾಕಿ. ಅರಳೆ ಉಂಡೆಉಂಡೆಯಾಗಿ ಬಿತ್ತು. ಕೆಳಗೆ ತಗಡು ಫಳಫಳ ಹೊಳೆಯಿತು. ಸಂದುಗಳಿದ್ದ ಕಡೆ ತಟ್ಟೆಯಂತೆ ನುಣುಪಾಗಿ ಕಂಡಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈ ಇಟ್ಟುಕೊಂಡು — ಇದನ್ನು ಬರೆಯಲೇಬೇಕು — ಅದನ್ನು ನೋಡಿ ಮೆಚ್ಚಿಕೊಂಡೆ. ಎಷ್ಟು ಚೊಕ್ಕಟವಾಯಿತು ಎಂದುಕೊಂಡೆ. ಫಿನ್ನುಗಳೆಲ್ಲ ಒಂದರ ಮೇಲೊಂದು ಮಲಗಿ ಗಾಳಿಗೆ ಒಂದು ಸಂದನ್ನೂ ಉಳಿಸದೆ ಮುಚ್ಚಿಕೊಂಡಿವೆ ಎಂದು ಈ ಮಹಾ ಮೇಸ್ತ್ರಿಗೆ ತಿಳಿಯಲಿಲ್ಲ.

ಯಂತ್ರ ಹಾಕಿದೆ. ಸ್ವಲ್ಪ ಹೊತ್ತು ಗುಂಯ್ಗುಟ್ಟಿತು, ಮೈ ಸುಡುವಷ್ಟು ಬಿಸಿಯಾಯಿತು, ನಿಂತಿತು. ಮತ್ತೆ ಹಾಕಿದೆ. ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಬೊಂಬಾಯಿಯವನ ಮಾತು ನೆನಪಾಯಿತು — ಅಡ್ಡ ಕೈ ಆಡಿಸಬಾರದು. ನನ್ನ ಕೈಕಾಲು ತಣ್ಣಗಾದವು. ಆ ಮನೆಯಲ್ಲಿ ಆ ಹೊತ್ತು ತಣ್ಣಗಿದ್ದದ್ದು ಅಷ್ಟೇ.

ಚಾಕುವಿನ ತುದಿಯಿಂದ ಒಂದು ಫಿನ್ನನ್ನು ಎತ್ತಲು ನೋಡಿದೆ, ಹರಿಯಿತು. ಇನ್ನೊಂದನ್ನು ಎತ್ತಿದೆ, ಅದೂ ಹರಿಯಿತು. ಆಗ ನೀವು ನೆನಪಾದಿರಿ. ಗೌರವದಿಂದ ನೆನಪಾದಿರಿ ಎಂದುಕೊಳ್ಳಬೇಡಿ, ಕಾಕ. ಹೆದರಿಕೆಯಿಂದ ನೆನಪಾದಿರಿ. ನಮ್ಮಪ್ಪನ ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯ ಹಲ್ಲು ಬಾಗಿದಾಗ, ನೂಲು ಪಟಪಟ ಹರಿಯತೊಡಗಿದಾಗ, ಅಪ್ಪ ನಿಮಗೆ ಹೇಳಿ ಕಳಿಸುತ್ತಿದ್ದರು. ನೀವು ಜಗಲಿಯಲ್ಲಿ ಕೂತು, ಹಣಿಗೆಯನ್ನು ಬೆಳಕಿಗೆ ಹಿಡಿದು, ಚಪ್ಪಟೆ ತುದಿಯ ಉಕ್ಕಿನ ಕಡ್ಡಿಯಿಂದ ಒಂದೊಂದೇ ಹಲ್ಲನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಿರಿ. ಕೇರಿಯ ಮಗ್ಗಗಳೆಲ್ಲ ನಿಮ್ಮ ಕಡ್ಡಿಯಿಂದ ನಡೆಯುತ್ತಿದ್ದವು. ಇಂಥ ಕೆಲಸವೂ ಒಂದು ಕೆಲಸವೇ, ದಿನವಿಡೀ ಹಲ್ಲು ಎಣಿಸುವುದು, ಎಂದು ಖಾಕಿ ತೊಟ್ಟ ಮೇಲೆ ನಾನು ಅಂದುಕೊಂಡಿದ್ದೆ.

ಮಧ್ಯಾಹ್ನದ ಬಸ್ಸಿಗೆ ಹರಿಹರಕ್ಕೆ ಬಂದೆ. ನಿಮ್ಮ ಮನೆಯ ಮುಂದೆ ನಿಂತು, ಒಂದು ಹಣಿಗೆಯಂಥದ್ದು ಕೆಟ್ಟಿದೆ, ಬರಬೇಕು ಎಂದೆ.

‘ಹಣಿಗೆ ಅಲ್ಲ, ಹಣಿಗೆಯಂಥದ್ದು?’ ಎಂದು ನಕ್ಕಿರಿ. ‘ಯಾರು ಕೆಡಿಸಿದ್ರಪ್ಪ ತಿಪ್ಪೇಶಿ?’

‘ನಾನೇ, ಕಾಕ’ ಅಂದೆ. ನೋಡಿ, ಅಂದು ನಿಮ್ಮೊಬ್ಬರ ಮುಂದೆ ನಿಜ ಹೇಳಲು ನನಗೆ ಬರುತ್ತಿತ್ತು. ಕೆಲಸ ಆಗಬೇಕಿತ್ತಲ್ಲ.

‘ನಡಿ ಹಂಗಾರೆ. ನಿಮ್ಮಪ್ಪನ ಮನಿ ಉಪ್ಪು ತಿಂದೀನಿ’ ಎಂದು ನೀವು ಪೆಟ್ಟಿಗೆ ಎತ್ತಿಕೊಂಡಿರಿ.

ಮನೆಯ ಒಳಗಿನಿಂದ ನಿಮ್ಮನ್ನು ಕರೆದೊಯ್ಯಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಿಲಿಗೆ ಕರೆತಂದೆ. ಅಮ್ಮನವರಿಗೆ ‘ನಮ್ಮ ಕಡೆಯ ಕೆಲಸದಾಳು’ ಎಂದಷ್ಟೇ ಹೇಳಿದೆ. ಹತ್ತಿಯ ಅಂಡಿಗೆ ಕಟ್ಟುವ ಒಂದು ಹಲಗೆಯನ್ನು ಇಟ್ಟಿಗೆಯ ಮೇಲೆ ಇಟ್ಟು ಕೂರಿಸಿದೆ. ನೀವು ಯಂತ್ರದ ಬೆನ್ನನ್ನು ಬಹಳ ಹೊತ್ತು ನೋಡಿದಿರಿ, ಬೆರಳಿನಿಂದ ಸವರಿದಿರಿ. ‘ಅಯ್ಯೋ, ಇದರ ಕುತ್ತಿಗಿ ಮುರದೀಯಲ್ಲೋ’ ಅಂದಿರಿ. ಆಮೇಲೆ ಪೆಟ್ಟಿಗೆಯಿಂದ ಬೇರೆ ಬೇರೆ ಹಣಿಗೆಯ ತುಂಡುಗಳನ್ನು ತೆಗೆದು ಫಿನ್ನಿನ ಸಂದಿಗೆ ಇಟ್ಟು ನೋಡುತ್ತಾ ಹೋದಿರಿ. ಸೀರೆಯ ಹಣಿಗೆ ತೀರ ಒತ್ತಾಯಿತು. ಪಂಚೆಯ ಹಣಿಗೆಯೂ ಸೇರಲಿಲ್ಲ. ಕೊನೆಗೆ ಒಂದು ಹಳೆಯ ಜಮಖಾನದ ಹಣಿಗೆ — ಅದರ ಹಲ್ಲಿನ ಸಂದು ಫಿನ್ನಿನ ಸಂದಿಗೆ ಸರಿಯಾಗಿ ಕೂತಿತು. ನೀವು ಮಗುವಿನಂತೆ ಖುಷಿಪಟ್ಟಿರಿ. ಅದರಲ್ಲಿ ನಾಲ್ಕು ಬೆರಳಗಲದ ಒಂದು ತುಂಡು ಕೊಯ್ದು, ಕೆಳಗಿನ ಕಟ್ಟು ಬಿಚ್ಚಿ, ಬಾಚಣಿಗೆಯ ಹಾಗೆ ಮಾಡಿಕೊಂಡಿರಿ. ಕಡ್ಡಿಯಿಂದ ಫಿನ್ನನ್ನು ಒಂದೊಂದಾಗಿ ಎಬ್ಬಿಸುವುದು, ನಾಲ್ಕು ಬೆರಳಗಲ ಆದ ಮೇಲೆ ಆ ಬಾಚಣಿಗೆಯನ್ನು ಮೇಲಿಂದ ಕೆಳಕ್ಕೆ ಎಳೆಯುವುದು. ಬಾಚಣಿಗೆ ಹಾದುಹೋದ ಜಾಗದಲ್ಲಿ ಎಲ್ಲವೂ ನೆಟ್ಟಗೆ ನಿಂತಿರುತ್ತಿದ್ದವು.

ನಾಲ್ಕು ದಿನ ಹಾಗೆ ಕೂತಿರಿ. ಬೇಸಿಗೆಯ ಬಿಸಿಲು ಆ ಹಿಂಗೋಡೆಗೆ ನೇರ ಬೀಳುತ್ತಿತ್ತು. ಮಧ್ಯಾಹ್ನ ಕಟ್ಟಿತಂದ ಮಂಡಕ್ಕಿ ತಿಂದು, ಹಿತ್ತಿಲ ತೊಟ್ಟಿಯ ನೀರು ಕುಡಿದು ಮತ್ತೆ ಕೂರುತ್ತಿದ್ದಿರಿ. ಒಳಗಿನ ಕೋಣೆ ಹೇಗಿದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ನಾನು ನೆರಳಿನಲ್ಲಿ ನಿಂತು, ಬೇಗ ಆಗಲಿ ಕಾಕ, ಬೇಗ ಆಗಲಿ ಅನ್ನುತ್ತಿದ್ದೆ. ‘ಅವಸರ ಮಾಡಬ್ಯಾಡ. ಅವಸರ ಮಾಡಿದ್ದಕ್ಕೇ ಹಿಂಗಾಗೈತೆ’ ಅನ್ನುತ್ತಿದ್ದಿರಿ. ನಾಲ್ಕನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಲಗಡೆಯಿಂದ ಬಂದು ಬಂದು ಎಡಗಡೆಯ ಕೆಳಮೂಲೆ ಮುಟ್ಟಿದ್ದಿರಿ. ಅಲ್ಲಿ ಇನ್ನೊಂದೇ ಬಾಚಣಿಗೆಯಷ್ಟು, ನಾಲ್ಕು ಬೆರಳಗಲ, ಉಳಿದಿತ್ತು.

ಆಗ ಸಾಹುಕಾರರು ಬಂದರು. ಒಂದು ದಿನ ಮೊದಲೇ. ಬೀಗರನ್ನೂ ಅವರ ಕಡೆಯ ಏಳೆಂಟು ಜನರನ್ನೂ ಕರೆದುಕೊಂಡು, ಒಳಗೆ ಕೂರುವ ಮೊದಲೇ, ಯಂತ್ರದ ಹಿಂಭಾಗವನ್ನೂ ತೋರಿಸುವ ಚಪಲದಿಂದ ಹಿತ್ತಿಲಿಗೆ ಬಂದುಬಿಟ್ಟರು. ಬಂದು ನೋಡಿದ್ದೇನು — ಬೆನ್ನು ಬಿಚ್ಚಿದ ಯಂತ್ರ, ಅದರ ಮುಂದೆ ಬನಿಯನ್ನಿನಲ್ಲಿ ಕೂತ ಒಬ್ಬ ಮುದುಕ, ಅವನ ಕೈಯಲ್ಲಿ ಉಕ್ಕಿನ ಕಡ್ಡಿ.

‘ಯಾವನಿವ? ನನ್ನ ಮಿಷಿನ್ನಿಗೆ ಏನ್ ಚುಚ್ಚಾಕತ್ತಾನೆ?’

ಕಾಕ, ಅಷ್ಟು ಹೊತ್ತಿಗೆ ನಾನು ನಿಜ ಹೇಳಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು. ಹೆಡ್ ಫಿಟ್ಟರ್ ಕೆಲಸ ಸಿಗುತ್ತಿರಲಿಲ್ಲ. ಅಷ್ಟೇ. ಯಾರೂ ನನ್ನನ್ನು ನೇಣಿಗೆ ಹಾಕುತ್ತಿರಲಿಲ್ಲ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ — ಇಲ್ಲ, ಪ್ರಾಣಕ್ಕೆ ಸಂಚಕಾರವಿರಲಿಲ್ಲ, ಹೆಂಡಿರು ಮಕ್ಕಳು ಉಪವಾಸ ಬೀಳುತ್ತಿರಲಿಲ್ಲ. ಬರೀ ಒಂದು ಬೈಗುಳ. ಅದಕ್ಕೆ ಹೆದರಿ ನಾನು ಬಾಯಿ ತೆಗೆದೆ.

‘ನಾ ಊಟಕ್ಕ ಹೋಗಿದ್ದೆ ಸಾಹುಕಾರ್ರೆ. ಈ ಸಾಬ ಸುಮ್ನ ಬಂದು ಕೈ ಹಾಕ್ಯಾನೆ. ಇವನೇ ಮಾಡಿದ್ದು. ಬೇಕಾದ್ರ ಇಲ್ಲಿ ನೋಡ್ರಿ.’

ಎಂದು ಆ ಎಡಮೂಲೆಯನ್ನು ತೋರಿಸಿದೆ. ನೀವು ಇನ್ನೂ ಮುಟ್ಟದಿದ್ದ, ನನ್ನ ಬ್ರಷ್ಷು ಮಲಗಿಸಿದ್ದ ಆ ನಾಲ್ಕು ಬೆರಳಗಲವನ್ನು. ನೀವು ನೆಟ್ಟಗೆ ಮಾಡಿದ ನೂರಾರು ಫಿನ್ನುಗಳನ್ನು ಯಾರೂ ನೋಡಲಿಲ್ಲ. ಕೆಟ್ಟದ್ದು ಯಾವುದೋ ಅದನ್ನೇ ನೋಡಿದರು.

ನೀವು ನನ್ನ ಮುಖ ನೋಡಿದಿರಿ. ಕೋಪದಿಂದ ಅಲ್ಲ, ನಾನು ತಮಾಷೆ ಮಾಡುತ್ತಿದ್ದೇನೆ, ಈಗ ನಗುತ್ತೇನೆ ಎಂದು ಕಾಯುವವರ ಹಾಗೆ. ನಾನು ನಗಲಿಲ್ಲ. ಆಗ ಸಾಹುಕಾರರಿಗೆ ಕೈಮುಗಿದು, ‘ತಿಪ್ಪೇಶಿನೇ ಕರ್ಕಂಡ್ ಬಂದಾನ್ರಿ. ನಾನು ಸರಿ ಮಾಡಾಕ ಬಂದೋನು’ ಅಂದಿರಿ.

ಸಾಹುಕಾರರು ನನ್ನ ಕಡೆ ತಿರುಗಿದರು. ‘ಹೌದೇನ್ಲೇ?’

‘ಇಲ್ರಿ’ ಅಂದೆ.

ಅಷ್ಟೇ ಮಾತು. ಮೊದಲನೆಯ ಸುಳ್ಳು ಹೆದರಿಕೆಯಲ್ಲಿ ಬಾಯಿಂದ ಜಾರಿತು ಎಂದು ಯಾರಾದರೂ ನನ್ನ ಪರ ವಾದಿಸಿದರೆ, ಈ ಎರಡನೆಯದು ಉಳಿಯುತ್ತದೆ. ಇದನ್ನು ಕೇಳಿಸಿಕೊಂಡು, ಯೋಚಿಸಿ, ನಿಮ್ಮ ಮುಖ ನೋಡುತ್ತಾ ಹೇಳಿದೆ.

ಆಮೇಲಿನದು ನಿಮಗೆ ಗೊತ್ತು. ನಿಮ್ಮ ಪೆಟ್ಟಿಗೆಯನ್ನು ಆಳೊಬ್ಬ ಸಂದಿಯ ಕಡೆ ಎಸೆದ. ಕಡ್ಡಿಗಳು ಚೆಲ್ಲಿದವು. ನೀವು ಬಗ್ಗಿ ಒಂದೊಂದನ್ನೇ ಆರಿಸಿಕೊಳ್ಳುತ್ತಿದ್ದಾಗ ಬೀಗರಲ್ಲಿ ಒಬ್ಬರು ‘ಇಂಥವರನ್ನ ಒಳಗ ಬಿಡಬಾರ್ದ್ರಿ’ ಎಂದು ಬುದ್ಧಿ ಹೇಳಿದರು. ಮದುವೆಗೆ ಮೊದಲೇ ಬುದ್ಧಿ ಹೇಳುವ ಬೀಗರು! ನೀವು ಹೋಗುವ ಮುನ್ನ ಯಾರಿಗೂ ಅಲ್ಲದ ಹಾಗೆ, ‘ಇನ್ನ ನಾಕ್ ಬೆಳ್ಳಗಲ ಐತೆ. ಮುಗಿಸಿ ಹೋಗ್ತೀನ್ರಿ’ ಅಂದಿರಿ. ಆ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀವು ಸಂದಿ ದಾಟಿದ ಮೇಲೆ ನಾನು ಮುಚ್ಚಳ ಹಾಕಿ ಯಂತ್ರ ಹಚ್ಚಿದೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಕೋಣೆ ತಣ್ಣಗಾಯಿತು, ಮೊದಲ ಬೇಸಿಗೆಗಿಂತ ಚೆನ್ನಾಗಿ. ‘ಆ ಸಾಬ ಕೆಡಿಸಿದ್ದನ್ನ ನಮ್ಮ ಮೇಸ್ತ್ರಿ ಕಣ್ಣು ಮುಚ್ಚಿ ತೆಗೆಯೋದ್ರಾಗ ಸರಿ ಮಾಡಿದ ನೋಡ್ರಿ’ ಎಂದು ಸಾಹುಕಾರರು ಸ್ವೆಟರ್ ಹುಡುಕಿದರು. ಯಾರೊಬ್ಬರಿಗೂ ಅನುಮಾನ ಬರಲಿಲ್ಲ. ನೀವು ನಾಲ್ಕು ದಿನ ಹಿತ್ತಿಲಲ್ಲಿ ಕೂತದ್ದನ್ನು ಕಂಡಿದ್ದ ಅಮ್ಮನವರನ್ನು ಯಾರೂ ಕೇಳಲಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೂರಾರು ಫಿನ್ನು ಹೇಗೆ ಎದ್ದು ನಿಂತವು ಎಂದು ಕೇಳುವಷ್ಟು ಬುದ್ಧಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ತಿಂಗಳು ಕಳೆಯುವುದರೊಳಗೆ ನಾನು ಹೆಡ್ ಫಿಟ್ಟರ್ ಆದೆ.

ಸಾಹುಕಾರರು ಮಂಡಿಪೇಟೆಯ ಅಂಗಡಿಯಲ್ಲಿ, ನೂಲಿಗೆ ಬಂದ ಹರಿಹರದ ನೇಕಾರರ ಮುಂದೆ ಒಂದೇ ಒಂದು ಮಾತು ಆಡಿದರಂತೆ: ‘ಆ ಇಮಾಮನ ಕೈಗೆ ಹಣಿಗಿ ಕೊಡೋರು ನನ್ನ ಅಂಗಡಿ ಕಡೆ ಬರಬ್ಯಾಡ್ರಿ.’ ಕೇರಿಯವರು ಅದನ್ನು ಕೇಳಿದರು. ಇದೇ ಕೇರಿಯವರು, ಈಗ ಇಲ್ಲಿ ಕೂತಿರುವ ನೀವೆಲ್ಲ. ನಿಮ್ಮ ಅಪ್ಪಂದಿರ ಕಾಲದಿಂದ ಹಲ್ಲು ತಿದ್ದಿದ ಕೈಗೆ ಹಣಿಗೆ ಕೊಡುವುದನ್ನು ನಿಲ್ಲಿಸಿದಿರಿ. ಬಾಗಿದ ಹಣಿಗೆಯಲ್ಲೇ ನೇಯ್ದು, ನೂಲು ಹರಿದಾಗ ಸಾಹುಕಾರರ ನೂಲು ಸರಿಯಿಲ್ಲ ಎಂದು ಮನೆಯೊಳಗೆ ಗೊಣಗಿದಿರಿ. ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಆದರೂ ಬೈಯದೆ ಇರಲಾರೆ.

ಇನ್ನೊಂದಿದೆ. ಅಂದು ಗಡಿಬಿಡಿಯಲ್ಲಿ ನಿಮ್ಮ ಬಾಚಣಿಗೆ ಫಿನ್ನುಗಳಲ್ಲಿ ಸಿಕ್ಕಿಕೊಂಡೇ ಉಳಿದಿತ್ತು. ನಾನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಮೊದಲು ಬಚ್ಚಿಡಲಿಕ್ಕೆ. ಆಮೇಲೆ ಊರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಅಂಥ ಯಂತ್ರ ತಂದರು. ಎಲ್ಲರ ಯಂತ್ರಕ್ಕೂ ಅರಳೆ ಹೊದೆಯಿತು, ಯಾರೋ ಒರೆಸಲು ಹೋಗಿ ಫಿನ್ನು ಬಾಗಿಸಿದರು, ನನ್ನನ್ನು ಕರೆದರು. ನಿಮ್ಮನ್ನು ನೋಡಿ ಕಲಿತಿದ್ದನ್ನು ನಿಮ್ಮ ಬಾಚಣಿಗೆಯಲ್ಲೇ ಮಾಡಿದೆ. ಬೊಂಬಾಯಿ ಕಂಪನಿಯವನು ಮತ್ತೆ ಒಮ್ಮೆ ಬಂದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಯಾರು ಮಾಡಿದ್ದು?’ ಎಂದು ಕೇಳಿದ. ‘ನಾನೇ’ ಅಂದೆ. ಅವನು ನನ್ನ ಕೈ ಕುಲುಕಿದ. ಆ ಕೈಯನ್ನು ನಾನು ಊರೆಲ್ಲ ತೋರಿಸಿಕೊಂಡು ತಿರುಗಿದೆ.

ಎರಡು ವರ್ಷದ ಹಿಂದೆ ಹರಿಹರದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಬಂಗಲೆಗೆ ಅದೇ ಕೆಲಸಕ್ಕೆ ಬಂದಿದ್ದೆ. ಅದರ ಜಗಲಿಯಲ್ಲಿ ಒಬ್ಬ ಮುದುಕ ಮಂಚಕ್ಕೆ ನವಾರು ಪಟ್ಟಿ ಹೆಣೆಯುತ್ತಾ ಕೂತಿದ್ದ. ನೀವು. ಕಣ್ಣಿಗೆ ದಪ್ಪ ಗಾಜು. ನಾನು ಕಂಡರೂ ಕಾಣದ ಹಾಗೆ ದಾಟುತ್ತಿದ್ದೆ, ನೀವೇ ಎದ್ದು ನಿಂತಿರಿ.

‘ಆರಾಮದೀರೇನ್ರಿ ಮೇಸ್ತ್ರಿ?’

ಮೇಸ್ತ್ರಿ ಅಂದಿರಿ. ರೀ ಅಂದಿರಿ. ನಾನು ಅಂಗಿಯಿಲ್ಲದೆ ಓಡಾಡುತ್ತಿದ್ದ ಕಾಲದಿಂದ ತಿಪ್ಪೇಶಿ ಎಂದು ಕರೆದವರು. ನನ್ನ ಅಂಗಿಯ ಜೇಬಿನಲ್ಲಿ ನಿಮ್ಮ ಬಾಚಣಿಗೆ ಇತ್ತು. ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ನೀವು ಬೈಯುತ್ತೀರಿ ಎಂದು ಕಾದೆ. ಬೈದಿದ್ದರೆ — ಬೈದಿದ್ದರೆ ನಾನು ಹಗುರಾಗುತ್ತಿದ್ದೆನೇನೋ, ಆ ಉಪಕಾರವನ್ನೂ ನೀವು ಮಾಡಲಿಲ್ಲ. ನವಾರಿನ ತುದಿ ಕೈಯಲ್ಲೇ ಹಿಡಿದು ಕೇಳಿದಿರಿ:

‘ಆ ಎಡಮೂಲ್ಯಾಗ ನಾಕ್ ಬೆಳ್ಳಗಲ ಉಳದಿತ್ತು. ಅದನ್ನ ಸರಿ ಮಾಡಿದ್ರೇನ್ರಿ?’

ಆರು ವರ್ಷ ಆ ಮನುಷ್ಯನ ತಲೆಯಲ್ಲಿ ಉಳಿದದ್ದು ಅದು! ಹೊಟ್ಟೆಗೆ ಹೊಡೆದ ಸುಳ್ಳಿಗಿಂತ, ಅರ್ಧಕ್ಕೆ ಬಿಟ್ಟ ಕೆಲಸ.

‘ಹೂನ್ರಿ, ಮಾಡ್ದೆ’ ಅಂದೆ.

ಮಾಡಿರಲಿಲ್ಲ. ನಿಮ್ಮ ನೆನಪಿಗೆಂದು ಹಾಗೇ ಬಿಟ್ಟೆ ಎಂದುಕೊಳ್ಳಬೇಡಿ, ಅಂಥ ಸೂಕ್ಷ್ಮ ನನ್ನಲ್ಲಿಲ್ಲ. ಸೋಮಾರಿತನ. ಮೂಲೆ, ಗೋಡೆಯ ಕಡೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಯಂತ್ರ ಹೇಗೂ ತಣ್ಣಗಿದೆ. ಅಷ್ಟೇ ಕಾರಣ. ಹೌದು ಎಂಬುದು ನಿಜವಾಗಿದ್ದಾಗ ಇಲ್ಲ ಅಂದೆ, ಇಲ್ಲ ಎಂಬುದು ನಿಜವಾಗಿದ್ದಾಗ ಹೌದು ಅಂದೆ. ಎರಡನ್ನೂ ನಿಮ್ಮ ಮುಖಕ್ಕೇ ಹೇಳಿದೆ.

ಹೋದ ತಿಂಗಳು ಸಾಹುಕಾರರು ಹೊಸ ಯಂತ್ರ ತರಿಸಿದರು. ಹಳೆಯದನ್ನು ಜಿನ್ನಿನ ಶೆಡ್ಡಿಗೆ ಹಾಕಿ, ತಾಮ್ರ ಬಿಚ್ಚಿ ತೆಗೆ ಎಂದು ನನಗೆ ಹೇಳಿದರು. ಬೆನ್ನಿನ ಮುಚ್ಚಳ ತೆಗೆದೆ. ಎಡಗಡೆ, ಕೆಳಮೂಲೆ, ಹಾಗೇ ಇತ್ತು. ಬಗ್ಗಿ ನೋಡಿದೆ. ಮಲಗಿದ ಫಿನ್ನುಗಳ ಮೇಲೆಲ್ಲ ಗೀರುಗಳು, ನೂಲಿನಷ್ಟು ಸಣ್ಣವು, ಎಲ್ಲವೂ ಅಡ್ಡಡ್ಡ. ತಂತಿ ಬ್ರಷ್ಷಿನ ಗೀರು. ಕಡ್ಡಿಯಿಂದ ಚುಚ್ಚಿದರೆ ಅಂಥ ಗೀರು ಬೀಳಲು ಸಾಧ್ಯವೇ ಇಲ್ಲ. ಜಿನ್ನಿನಲ್ಲಿ ಒಂದು ವಾರ ಕೆಲಸ ಮಾಡಿದವನಿಗೂ ಅದು ಯಾರ ಕೈ ಎಂದು ಗೊತ್ತಾಗುತ್ತದೆ. ಅಂದು ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲೇ ನನ್ನ ಗುರುತು ಬಿದ್ದಿತ್ತು. ಸಾಹುಕಾರರಾಗಲಿ, ಬೀಗರಾಗಲಿ, ಯಾರಾದರೂ ಒಬ್ಬರು ಸೊಂಟ ಬಗ್ಗಿಸಿ ನೋಡಿದ್ದರೆ ಸಾಕಿತ್ತು. ಬಗ್ಗಿದವರು ನೀವೊಬ್ಬರೇ, ಚೆಲ್ಲಿದ ಕಡ್ಡಿಗಳನ್ನು ಆರಿಸಿಕೊಳ್ಳಲು.

ಅಂದೇ ಸಾಹುಕಾರರ ಹತ್ತಿರ ಹೋದೆ. ಹೊಸ ಯಂತ್ರದ ಕೆಳಗೆ, ಅದೇ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಎಲ್ಲವನ್ನೂ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ, ತೆಗೆಯಲಿ ಎಂದು ಗಟ್ಟಿಮಾಡಿಕೊಂಡಿದ್ದೆ. ಅವರು ಕೊನೆಯವರೆಗೂ ಕೇಳಿ ಹುಬ್ಬು ಗಂಟಿಕ್ಕಿದರು.

‘ಯಾವ ಸಾಬ?’

ಮತ್ತೆ ಹೇಳಿದೆ. ಹಣಿಗೆ, ಹರಿಹರ, ಬೀಗರು ಬಂದ ದಿನ.

‘ನೆಪ್ಪಿಲ್ಲ ಬಿಡು. ಈಗೇನು, ಹಣಿಗಿ ಕೊಡ್ಲಿ ಅವನಿಗೆ, ಯಾರು ಬ್ಯಾಡಂದ್ರು? ಹೋಗು, ಆ ತಾಮ್ರ ತೂಕ ಹಾಕ್ಸು.’

ಎಂಟು ವರ್ಷ ನಿಮ್ಮ ಕೈ ಕಟ್ಟಿಹಾಕಿದ ಮಾತು ಅದನ್ನು ಆಡಿದವನಿಗೇ ನೆನಪಿಲ್ಲ. ಅದನ್ನು ಕಾಪಾಡಿಕೊಂಡು ಬಂದವರು ನಾನು ಮತ್ತು ಕೇರಿಯ ಹೆದರಿಕೆ. ಈಗ ಹಣಿಗೆಗಳು ಪರ ಊರಿನ ಕಾರ್ಖಾನೆಯಿಂದ ಉಕ್ಕಿನ ಹಲ್ಲಿನೊಂದಿಗೆ ತಯಾರಾಗಿ ಬರುತ್ತವೆ. ಬಾಗಿದರೆ ಎಸೆದು ಹೊಸದು ತರುತ್ತಾರೆ. ನಿಮ್ಮ ಕಣ್ಣಿಗೂ ಆ ಹಲ್ಲುಗಳು ಕಾಣಲಾರವು. ನಾನು ಬಿಡಿಸಿಕೊಂಡು ಬಂದ ಈ ಅಪ್ಪಣೆಯಿಂದ ನಿಮಗೆ ಕಾಸಿನ ಪ್ರಯೋಜನವಿಲ್ಲ, ನನಗೆ ಗೊತ್ತು.

ಆದರೂ ಬರುತ್ತೇನೆ. ಶುಕ್ರವಾರ ಮಧ್ಯಾಹ್ನ, ನಿಮ್ಮ ನಮಾಜು ಮುಗಿದ ಮೇಲೆ, ಕೇರಿಯವರು ಊಟಕ್ಕೆ ಮಗ್ಗ ಬಿಟ್ಟು ಎದ್ದಿರುವ ಹೊತ್ತಿಗೆ. ಹೊಳೆಯ ದಾರಿಯಿಂದಲ್ಲ, ಕೇರಿಯ ನಡುವಿನಿಂದ. ನಿಮ್ಮ ಬಾಚಣಿಗೆ ತರುತ್ತೇನೆ. ಅದರಲ್ಲಿ ಎರಡು ಹಲ್ಲು ನನ್ನ ಕೈಯಲ್ಲಿ ಮುರಿದಿವೆ. ಆ ಯಂತ್ರದ ಎಡಮೂಲೆಯನ್ನು ಗರಗಸದಿಂದ ಕೊಯ್ದು ಇಟ್ಟುಕೊಂಡಿದ್ದೇನೆ, ಅದನ್ನೂ ತರುತ್ತೇನೆ. ಕೇರಿಯವರು ಕೈಯಿಂದ ಕೈಗೆ ದಾಟಿಸಿ ಆ ಗೀರುಗಳನ್ನು ನೋಡಲಿ. ನಿಮ್ಮ ಕಣ್ಣಿಗೆ ಕಾಣದಿದ್ದರೆ ಬೆರಳಿನಿಂದ ಸವರಿ ನೋಡಿ, ತಿಳಿಯುತ್ತದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಾನು ಮನೆಗೆ ಹೋಗಿ ಮತ್ತೆ ಚೆನ್ನಾಗಿ ಉಣ್ಣುತ್ತೇನೆ.

ನೀವು ಒಂದು ಮಾತು ಕೇಳಿದ್ದಿರಿ. ಅದಕ್ಕೆ ಉತ್ತರ ಕೊಡುವುದಷ್ಟೇ ಉಳಿದಿದೆ.

ಇಲ್ಲ ಕಾಕ. ಸರಿ ಮಾಡಲಿಲ್ಲ. ಹಾಗೇ ಇದೆ.